ನಿಮಿಷಕ್ಕೆ ಎಪ್ಪತ್ತನಾಲ್ಕು

ಫೆಬ್ರವರಿ 6

ಅಕ್ಕಾ,

ನನ್ನ ಕೈಬರಹ ಎಂದು ಗೊತ್ತಾದ ಕೂಡಲೇ ಹರಿಯಬೇಡ. ಒಂಬತ್ತು ವರ್ಷದ ಮೇಲೆ ಯಾವ ಮುಖ ಹೊತ್ತು ಬರೆಯುತ್ತಿದ್ದಾಳೆ ಎಂದು ಬೈದುಕೊಂಡೇ ಓದು. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕ್ಷಣ ಇಟ್ಟುಬಿಡುತ್ತೀಯ, ಈಗಾಗಲೇ ಎರಡು ಸಲ ಇಟ್ಟಿದ್ದೀಯ. ಕಾಗದವಾದರೆ ಹರಿಯುವ ಮುಂಚೆ ನಾಲ್ಕು ಸಾಲಾದರೂ ಕಣ್ಣಿಗೆ ಬೀಳುತ್ತವೆ.

ನನಗೆ ಮಗಳು ಹುಟ್ಟಿದ್ದಾಳೆ. ಐದು ತಿಂಗಳಾಯಿತು. ಹುಟ್ಟಿದಾಗ ದುಂಡಗಿದ್ದಳೆಂದು ಇವರು ಗುಂಡಮ್ಮ ಎಂದು ಕರೆಯಲು ಶುರು ಮಾಡಿದರು. ಈಗ ಹಾಗೆ ಕರೆಯಲು ನಮಗೇ ನಾಚಿಕೆ. ಎರಡು ತಿಂಗಳಿಂದ ಅವಳ ತೂಕ ಗುಲಗಂಜಿಯಷ್ಟೂ ಏರಿಲ್ಲ. ಎದೆ ಒಂದು ಕ್ಷಣ ಸುಮ್ಮನಿರುವುದಿಲ್ಲ. ನಿದ್ದೆಯಲ್ಲೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಸೇದಿಕೊಳ್ಳುತ್ತದೆ, ಗಂಟಲ ಕೆಳಗೆ ಕುಳಿ ಬೀಳುತ್ತದೆ. ನಮ್ಮ ಬೀದಿಯ ಡಾಕ್ಟರು ನ್ಯುಮೋನಿಯಾ ಎಂದು ಮೂರು ಸಲ ಆ್ಯಂಟಿಬಯಾಟಿಕ್ ಕೊಟ್ಟರು. ಆಮೇಲೆ ಉಬ್ಬಸ ಇರಬಹುದೆಂದು ಮುಖಕ್ಕೆ ಮಾಸ್ಕ್ ಹಿಡಿದು ಇನ್‌ಹೇಲರ್ ಕೊಡಿಸಿದರು. ಯಾವುದೂ ನಾಟಲಿಲ್ಲ.

ನಿನ್ನೆ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಶ್ವಾಸಕೋಶದ ಡಾಕ್ಟರಮ್ಮನಿಗೆ ತೋರಿಸಿದೆವು. ಆಕೆ ಅಂಗಿ ಬಿಚ್ಚಿಸಿ, ಸ್ಟೆತಾಸ್ಕೋಪ್ ಮುಟ್ಟದೆ, ಐದು ನಿಮಿಷ ಸುಮ್ಮನೆ ಮಗುವನ್ನು ನೋಡುತ್ತ ಕೂತರು. ಆಮೇಲೆ ಕೇಳಿದರು, "ಜ್ವರ ಬಂದಿತ್ತಾ?"

"ಒಂದು ಸಲಾನೂ ಇಲ್ಲ."

"ಜ್ವರಾನೇ ಇಲ್ದೆ ಮೂರು ಸಲ ನ್ಯುಮೋನಿಯಾ ಹೇಗಮ್ಮ ಬಂತು?"

ಹಳೆಯ ಚೀಟಿಗಳನ್ನು ತೆಗೆದು ಅವರ ಮುಂದಿಟ್ಟೆ. "ನಿಮ್ಮ ಮನೇಲಿ ಯಾರಿಗಾದ್ರೂ ಶ್ವಾಸಕೋಶದ ಕಾಯಿಲೆ ಇತ್ತಾ? ಚಿಕ್ಕ ಮಕ್ಕಳು ಯಾರಾದ್ರೂ ತೀರಿಕೊಂಡಿದ್ರಾ?" ಎಂದರು. ಇಲ್ಲ ಎಂದೆ. ಪಕ್ಕದಲ್ಲಿದ್ದ ಇವರು ನನ್ನ ಮುಖ ನೋಡಿದರು. ಹೊರಗೆ ಬಂದ ಮೇಲೆ, "ನಿಮ್ಮಕ್ಕನ ಮಗು?" ಎಂದರು. ಅದು ಬೇರೆ, ಅದು ಮರದ ಹೊಟ್ಟಿನಿಂದ ಆಗಿದ್ದು ಎಂದು ನಾನೇ ಅವರ ಮೇಲೆ ರೇಗಿದೆ.

ಆದರೆ ರಾತ್ರಿಯೇ ಕಾಗದ ತೆಗೆದುಕೊಂಡು ಕೂತೆ. ಅಕ್ಕಾ, ನಿನ್ನ ಪುಟ್ಟ ಹೇಗೆ ಉಸಿರಾಡುತ್ತಿದ್ದ? ಅಷ್ಟು ಮಾತ್ರ ಬರೆ.

ನಿನ್ನ ತಂಗಿ


ಫೆಬ್ರವರಿ 15

ತಂಗಿಗೆ,

ಪೂರ್ತಿ ಓದಿದೆ. ಹರಿಯಲಿಲ್ಲ.

ನೀನು ಮರೆತಿದ್ದರೆ ಜ್ಞಾಪಿಸುತ್ತೇನೆ. ನನ್ನ ಮಗನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ನೆಂಟರೆಲ್ಲ ಕೂತಿದ್ದ ನಡುಮನೆಯಲ್ಲಿ ನೀನು ಹೇಳಿದ ಮಾತು: "ಹಾಲು ಕುಡಿಯೋ ಮಗೂನ ಪಕ್ಕದಲ್ಲಿ ಮಲಗಿಸ್ಕೊಂಡು ಮರ ಕೊಯ್ತಾ ಕೂತ್ರೆ ಇನ್ನೇನಾಗತ್ತೆ?" ಆ ಮಾತು ನಿನ್ನ ಭಾವನ ಬಾಯಿಗೂ ಹತ್ತಿತು. ವರ್ಷ ತುಂಬುವುದರೊಳಗೆ ಅವರು ಹೊರಟುಹೋದರು. ಅಪ್ಪನನ್ನು ಮಣ್ಣು ಮಾಡಿದ ದಿನವೂ ನೀನು ಆ ಪಕ್ಕ ನಿಂತೆ, ನಾನು ಈ ಪಕ್ಕ ನಿಂತೆ.

ಈಗ ಪುಟ್ಟ ಹೇಗೆ ಉಸಿರಾಡುತ್ತಿದ್ದ ಎಂದು ಕೇಳುತ್ತೀಯ. ಮುಚ್ಚಿಟ್ಟ ಗಾಯ ಬಿಚ್ಚಿ ತೋರಿಸು ಎಂದ ಹಾಗಾಯಿತು. ನನ್ನಿಂದ ಆಗುವುದಿಲ್ಲ.

ಅಪ್ಪನ ಮರಗೆಲಸದ ಅಂಗಡಿ ಈಗಲೂ ನಾನೇ ನಡೆಸುತ್ತಿದ್ದೇನೆ. ಈ ವಾರ ಶಾಲೆಯೊಂದರ ಬೆಂಚುಗಳ ಕೆಲಸವಿದೆ, ಬಿಡುವಿಲ್ಲ.

ಅಕ್ಕ

ಇನ್ನೊಂದು. ಉಸಿರು ಎಣಿಸುವುದಾದರೆ ಮಗು ಗಾಢ ನಿದ್ದೆಯಲ್ಲಿರುವಾಗ, ಅಂಗಿ ತೆಗೆದು, ಹೊಟ್ಟೆ ನೋಡಿ ಎಣಿಸು. ಪೂರ್ತಿ ಒಂದು ನಿಮಿಷ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡ, ಲೆಕ್ಕ ತಪ್ಪುತ್ತದೆ.


ಫೆಬ್ರವರಿ 24

ಅಕ್ಕಾ,

ನೀನು ಹೇಳಿದ ಹಾಗೇ ಎಣಿಸಿದೆ. ಮೂರು ದಿನ, ಮೂರು ಹೊತ್ತು. ಎಪ್ಪತ್ತೊಂದು, ಎಪ್ಪತ್ತು, ಮೂರನೇ ದಿನ ಎಪ್ಪತ್ತನಾಲ್ಕು. ಈ ವಯಸ್ಸಿನ ಮಗುವಿಗೆ ನಿದ್ದೆಯಲ್ಲಿ ಅದರ ಅರ್ಧದಷ್ಟಿದ್ದರೆ ಸರಿಯಂತೆ. ಬೆರಳಿಗೆ ಸಿಕ್ಕಿಸುವ ಯಂತ್ರ ಆಕ್ಸಿಜನ್ ಎಂಬತ್ತೆಂಟು ಎಂದು ತೋರಿಸಿತು. ಅವತ್ತೇ ಆಸ್ಪತ್ರೆಗೆ ಸೇರಿಸಿಕೊಂಡರು. ಈಗ ಮೂಗಿಗೆ ಸಣ್ಣ ಕೊಳವೆ ಹಾಕಿ, ಕೆನ್ನೆಗೆ ಪಟ್ಟಿ ಅಂಟಿಸಿದ್ದಾರೆ. ಅವಳಿಗೆ ಅದನ್ನು ಕಿತ್ತೆಸೆಯುವುದೇ ಆಟ. ನಮಗೆ ಅದನ್ನು ಮತ್ತೆ ಅಂಟಿಸುವುದೇ ಸಂಸಾರ.

ಸಿ.ಟಿ. ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ಕಪ್ಪಗಿರಬೇಕಾದ ಶ್ವಾಸಕೋಶದ ತುಂಬ ಮಂಜು ಕವಿದ ಹಾಗೆ ಮಸುಕು. ಗಾಳಿ ತುಂಬುವ ಸಣ್ಣ ಸಣ್ಣ ಗುಳ್ಳೆಗಳಿರುತ್ತವಲ್ಲ, ಅವುಗಳ ನಡುವಿನ ಗೋಡೆ ದಪ್ಪವಾಗಿದೆಯಂತೆ. ಗಾಳಿ ಒಳಗೆ ಹೋಗುತ್ತದೆ, ರಕ್ತಕ್ಕೆ ದಾಟುವುದಿಲ್ಲ. ಇದರಲ್ಲಿ ಹತ್ತಾರು ಬಗೆ ಇವೆ. ಕೆಲವು ಮಕ್ಕಳು ತಾವಾಗಿ ಚೇತರಿಸಿಕೊಳ್ಳುತ್ತವೆ, ಕೆಲವು ಚೇತರಿಸಿಕೊಳ್ಳುವುದಿಲ್ಲ. ಯಾವ ಬಗೆ ಎಂದು ತಿಳಿಯದೆ ಔಷಧಿ ಕೊಡುವುದು ಕತ್ತಲಲ್ಲಿ ತಡಕಾಡಿದ ಹಾಗೆ ಎಂದರು.

ಆಗ ನಾನು ಹೇಳಿಬಿಟ್ಟೆ. "ಡಾಕ್ಟ್ರೇ, ಅವತ್ತು ನಾನು ಇಲ್ಲ ಅಂದಿದ್ದು ಸುಳ್ಳು. ನಮ್ಮಕ್ಕನ ಮಗ ಏಳು ತಿಂಗಳಲ್ಲಿ ಹೋದ. ನಮ್ಮಪ್ಪ ಐದಾರು ವರ್ಷ ಕೆಮ್ಮಿ ಕೆಮ್ಮಿ ಹೋದ್ರು."

ಆಕೆ ಪೆನ್ನು ಕೆಳಗಿಟ್ಟರು. "ಇದನ್ನ ಯಾಕಮ್ಮ ಮೊದಲೇ ಹೇಳಲಿಲ್ಲ?"

"ನಮ್ಮದು ಬಡಗಿ ಮನೆ. ನಮ್ಮಲ್ಲಿ ಕಾಯಿಲೆ ಇರಲಿಲ್ಲ ಡಾಕ್ಟ್ರೇ, ಹೊಟ್ಟು ಇತ್ತು."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಅಕ್ಕಾ. ಎಲ್ಲವನ್ನೂ ಅಂಗಡಿಯ ಧೂಳಿನ ಮೇಲೆ ಹೊರಿಸಿ ಅದೇ ನಿಜ ಎಂದು ನಂಬಿಬಿಟ್ಟಿದ್ದೆ. ಅದಕ್ಕೇ ನಮ್ಮ ಮನೆಯ ನೆಲ ದಿನಕ್ಕೆ ಮೂರು ಸಲ ಒರೆಸುತ್ತೇನೆ, ಕಿಟಕಿ ತೆಗೆಯಲು ಬಿಡುವುದಿಲ್ಲ. ಲಾಂಡ್ರಿಯಲ್ಲಿ ಕೆಲಸ ಮಾಡುವವಳ ಮನೆ ಬೆಳ್ಳಗಿರದೆ ಇನ್ನೇನು ಎಂದು ಎಲ್ಲರೂ ನಗುತ್ತಾರೆ. ಇಷ್ಟು ಸ್ವಚ್ಛ ಮನೆಯಲ್ಲಿ ಇದು ಎಲ್ಲಿಂದ ಬಂತು, ಹೇಳು.

ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದ್ದಾರೆ. ವಾರಗಟ್ಟಲೆ ಹಿಡಿಯುತ್ತದೆ.

ನಿನ್ನ ತಂಗಿ


ಮಾರ್ಚ್ 8

ಮೊಳೆ,

ಅಪ್ಪ ನಿನ್ನನ್ನು ಕರೆಯುತ್ತಿದ್ದ ಹೆಸರು ಕೈಗೆ ತಾನಾಗಿ ಬಂತು, ಹೊಡೆದುಹಾಕಲು ಮನಸ್ಸಾಗಲಿಲ್ಲ.

ಬೆಂಚಿನ ಕೆಲಸ ನಿಲ್ಲಿಸಿ ಕೂತು ಬರೆಯುತ್ತಿದ್ದೇನೆ. ಕೇಳು. ಪುಟ್ಟ ಮೂರು ಗುಟುಕು ಕುಡಿದು ಬಾಯಿ ಬಿಡುತ್ತಿದ್ದ. ಹಣೆಯೆಲ್ಲ ಬೆವರು. ನನ್ನ ಹಾಲೇ ಸಾಲದು ಎಂದು ಅತ್ತೆ ಹೇಳಿದರು, ನಾನೂ ಹಾಗೇ ತಿಳಿದೆ. ಹಾಲು ಬೇಕಾದಷ್ಟಿತ್ತು. ಅವನಿಗೆ ಕುಡಿಯಲು ಉಸಿರಿರಲಿಲ್ಲ. ಈಗ ಹೊಳೆಯುತ್ತಿದೆ.

ಜ್ವರ ಇರಲಿಲ್ಲ. ಮೊದಮೊದಲು ಕೆಮ್ಮೂ ಇರಲಿಲ್ಲ. ಬೆನ್ನಿಗೆ ಕಿವಿಯಿಟ್ಟರೆ ಸಣ್ಣಗೆ ಚರಚರ ಸದ್ದು. ನಾಲ್ಕನೇ ತಿಂಗಳಲ್ಲಿ ತುಟಿಯ ಸುತ್ತ ನೀಲಿ ಬರಲು ಶುರುವಾಯಿತು. ಡಾಕ್ಟರು ನ್ಯುಮೋನಿಯಾ ಎಂದರು. ಸೇರಿಸಿದೆವು, ಬಿಟ್ಟರು, ಮತ್ತೆ ಸೇರಿಸಿದೆವು. ಅಷ್ಟಾದರೂ ನಗುತ್ತಿದ್ದ. ಅದು ಎಲ್ಲರಿಗೂ ಮೋಸ ಮಾಡಿತು. ನಗುವ ಮಗುವಿಗೆ ಅಂಥದ್ದೇನಾಗಿರುತ್ತದೆ ಎಂದುಕೊಂಡೆವು.

ಅಪ್ಪನದನ್ನೂ ಬರೆದುಕೊ. ಒಣಕೆಮ್ಮು. ಮೆಟ್ಟಿಲು ಹತ್ತಿದರೆ ಏದುಸಿರು. ಕೊನೆಯ ವರ್ಷಗಳಲ್ಲಿ ಬೆರಳ ತುದಿಗಳು ಗುಂಡಗೆ ಊದಿಕೊಂಡು ಉಗುರು ಬಾಗಿಹೋಗಿತ್ತು, ಉಳಿ ಹಿಡಿದಾಗ ಎದ್ದು ಕಾಣುತ್ತಿತ್ತು. ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಬೇರೆ ಇಬ್ಬರಿಗೆ ಇದ್ಯಾವುದೂ ಆಗಲಿಲ್ಲ. ಒಬ್ಬರಿಗೆ ಈಗ ಎಪ್ಪತ್ತು, ಇನ್ನೂ ಬೀಡಿ ಸೇದಿಕೊಂಡು ಗುಂಡುಕಲ್ಲಿನ ಹಾಗಿದ್ದಾರೆ. ನಾನು ಇದನ್ನು ಯಾಕೆ ಮೊದಲೇ ಯೋಚಿಸಲಿಲ್ಲವೋ.

ನಿಮ್ಮ ಡಾಕ್ಟರಮ್ಮನಿಗೆ ಇಷ್ಟನ್ನೂ ಓದಿ ಹೇಳು. ಗುಂಡಮ್ಮನ ತೂಕ ಬರೆ.

ಅಕ್ಕ


ಏಪ್ರಿಲ್ 19

ಅಕ್ಕಾ,

ತೂಕ ಐದು ಕಿಲೋ ನೂರು ಗ್ರಾಂ. ಏಳು ತಿಂಗಳು ತುಂಬಿದೆ ಅವಳಿಗೆ.

ಪರೀಕ್ಷೆಯ ಉತ್ತರ ಬಂತು. ಉತ್ತರವೂ ಅಲ್ಲ, ಇನ್ನೊಂದು ಪ್ರಶ್ನೆ. ಶ್ವಾಸಕೋಶದ ಗುಳ್ಳೆಗಳು ಕುಸಿಯದ ಹಾಗೆ ಒಳಗೆ ಒಂದು ಪಸೆ ಇರುತ್ತದಂತೆ. ಅದನ್ನು ಮಾಡುವ ಜೀನಿನಲ್ಲಿ ಗುಂಡಮ್ಮನಿಗೆ ಒಂದು ಬದಲಾವಣೆ ಇದೆ. ಆದರೆ ಅದೇ ಬದಲಾವಣೆ ಇದುವರೆಗೆ ಎಲ್ಲೂ, ಯಾರಲ್ಲೂ ಕಂಡಿದ್ದಲ್ಲ. ಕಾಯಿಲೆಗೆ ಕಾರಣ ಇದೇ ಇರಬಹುದು, ಏನೂ ಮಾಡದೆ ಸುಮ್ಮನೆ ಇರುವಂಥದ್ದೂ ಇರಬಹುದು. ನನ್ನ ರಕ್ತದಲ್ಲೂ ಅದೇ ಇದೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಅದರಿಂದ ಏನನ್ನೂ ಹೇಳಲು ಬರುವುದಿಲ್ಲವಂತೆ, ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಬಿಡುವ ಕಾಯಿಲೆ ಇದು.

ಉಳಿದ ದಾರಿ ಬಯಾಪ್ಸಿ. ಎದೆ ಕೊಯ್ದು ಶ್ವಾಸಕೋಶದ ಚೂರು ತೆಗೆದು ನೋಡುವುದು. "ಇಷ್ಟು ಸಣ್ಣ ಮಗು, ಇಷ್ಟು ಕಡಿಮೆ ಆಕ್ಸಿಜನ್. ಅರಿವಳಿಕೆ ಕೊಟ್ಟ ಮೇಲೆ ಯಂತ್ರದಿಂದ ಬಿಡಿಸೋಕೆ ಕಷ್ಟ ಆಗಬಹುದು. ಬಿಡಿಸೋಕೆ ಆಗದೇನೂ ಇರಬಹುದು," ಎಂದರು ಡಾಕ್ಟರಮ್ಮ. ಸುಳ್ಳು ಸಮಾಧಾನ ಹೇಳುವವರಲ್ಲ ಆಕೆ. ಮೇ ಹದಿನಾಲ್ಕಕ್ಕೆ ದಿನ ಗೊತ್ತು ಮಾಡಿದ್ದಾರೆ.

ಕೊನೆಗೆ ಕೇಳಿದರು, "ನಿಮ್ಮಕ್ಕನ ಮಗುವಿಂದು ಏನಾದ್ರೂ ಉಳಿದಿದೆಯಾ? ಆಗಿನ ರಕ್ತ, ಚೂರು, ಏನಾದ್ರೂ? ಆ ಮಗುವಲ್ಲೂ ಇದೇ ಬದಲಾವಣೆ, ಇದೇ ಕಾಯಿಲೆ ಅಂತ ಗೊತ್ತಾದ್ರೆ ಈ ಮಗುವಿನ ಎದೆ ಕೊಯ್ಯೋದು ತಪ್ಪತ್ತೆ."

ಅವನನ್ನು ಇಡಿಯಾಗಿ ಮಣ್ಣು ಮಾಡಿದೆವು, ಏನೂ ಉಳಿದಿಲ್ಲ ಎಂದೆ. ಆದರೂ ಕೇಳುತ್ತಿದ್ದೇನೆ. ಏನೂ ಇಲ್ಲವಾ?

ಮೊಳೆ


ಮೇ 2

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ನಿನ್ನೆ ಹಾಲು ಕುಡಿಯುವಾಗ ಅವಳ ಆಕ್ಸಿಜನ್ ಎಂಬತ್ತಕ್ಕಿಳಿಯಿತು. ಈಗ ಬಾಯಿಗೆ ಕೊಡುವುದನ್ನು ನಿಲ್ಲಿಸಿ ಮೂಗಿನ ಕೊಳವೆಯಿಂದ ಹಾಲು ಬಿಡುತ್ತಿದ್ದಾರೆ. ಹನ್ನೆರಡು ದಿನ ಉಳಿದಿದೆ. ಒಪ್ಪಿಗೆ ಕಾಗದಕ್ಕೆ ಇವರು ಸಹಿ ಹಾಕಿದರು, ನನ್ನ ಕೈ ಏಳಲಿಲ್ಲ. ಇಲ್ಲ ಎಂದಾದರೂ ಬರೆ, ಬೈಯುವುದಿದ್ದರೆ ಬೈದು ಬರೆ. ಸುಮ್ಮನಿರಬೇಡ.

ಮೊಳೆ


ಮೇ 4

ಮೊಳೆ,

ಇದರ ಜೊತೆ ಒಂದು ವರದಿ ಇದೆ. ಮೊದಲು ಅದನ್ನು ಡಾಕ್ಟರಮ್ಮನ ಕೈಗೆ ಕೊಟ್ಟು ಆಮೇಲೆ ಇದನ್ನು ಓದು.

ಪುಟ್ಟನನ್ನು ಇಡಿಯಾಗಿ ಮಣ್ಣು ಮಾಡಲಿಲ್ಲ. ಅವನು ಹೋದ ಬೆಳಿಗ್ಗೆ ವಾರ್ಡಿನ ಚಿಕ್ಕ ಡಾಕ್ಟರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನಮಗೇ ಇದು ಏನು ಅಂತ ಗೊತ್ತಾಗ್ಲಿಲ್ಲಮ್ಮ. ಶ್ವಾಸಕೋಶದ ಒಂದು ಚೂರು ಪರೀಕ್ಷೆಗೆ ಕೊಡ್ತೀರಾ?" ಎಂದರು. ನನಗೆ ಗೊತ್ತಾಗಬೇಕಿತ್ತು. ಯಾರನ್ನೂ ಕೇಳದೆ ಸಹಿ ಹಾಕಿದೆ. ಹೊಲಿಗೆ ಕಾಣದ ಹಾಗೆ ನಾನೇ ಬಟ್ಟೆ ಸುತ್ತಿದೆ. ನಿನ್ನ ಭಾವನಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ.

ಅವತ್ತು ಮಧ್ಯಾಹ್ನವೇ ನೀನು ಆ ಮಾತು ಹೇಳಿದೆ. ವರದಿ ಬಂದಿದೆ, ಬಂದು ತೆಗೆದುಕೊಂಡು ಹೋಗಿ ಎಂದು ಆಸ್ಪತ್ರೆಯಿಂದ ಮೂರು ಸಲ ಕಾಗದ ಬಂತು. ನಾನು ಹೋಗಲಿಲ್ಲ. ಅದರಲ್ಲಿ ಮರದ ಹೊಟ್ಟು ಎಂದು ಬರೆದಿರುತ್ತದೆ ಎಂದು ನನಗೆ ಖಾತ್ರಿಯಿತ್ತು. ನೀನು ಹೇಳಿದ್ದನ್ನು ಬಾಯಿಮಾತು ಎಂದು ತಳ್ಳಿಹಾಕಬಹುದಿತ್ತು. ಡಾಕ್ಟರು ಸಹಿ ಹಾಕಿ ಬರೆದುಕೊಟ್ಟರೆ ನಾನು ಬದುಕುತ್ತಿರಲಿಲ್ಲ.

ನಿನ್ನ ಏಪ್ರಿಲ್ ಕಾಗದ ಬಂದ ಮೇಲೆ ಒಂದು ವಾರ ಆಸ್ಪತ್ರೆಯ ಬಸ್ ಹತ್ತಿ ಅರ್ಧ ದಾರಿಗೇ ಇಳಿದು ಬರುತ್ತಿದ್ದೆ. ನಿನ್ನೆ ಇಳಿಯಲಿಲ್ಲ. ದಾಖಲೆ ಕೋಣೆ ನೆಲಮಾಳಿಗೆಯಲ್ಲಿದೆ. ಗೋಡೆಯುದ್ದಕ್ಕೂ ಕಬ್ಬಿಣದ ಸಣ್ಣ ಸಣ್ಣ ಡ್ರಾಯರುಗಳು, ಟ್ಯೂಬ್‌ಲೈಟಿನ ಗುಂಯ್ ಸದ್ದು, ಒಬ್ಬ ವಯಸ್ಸಾದ ಗುಮಾಸ್ತೆ. ಆಕೆ ದಪ್ಪ ಪುಸ್ತಕದಲ್ಲಿ ಬೆರಳಾಡಿಸಿ, "ಇದನ್ನ ಕೇಳ್ಕೊಂಡು ಯಾರೂ ಬರ್ಲೇ ಇಲ್ವಲ್ಲಮ್ಮ. ಹತ್ತನೇ ವರ್ಷದಲ್ಲಿ ಸುಟ್ಟುಬಿಡ್ತೀವಿ. ಮುಂದಿನ ತಿಂಗಳು ಇದರ ಸರದಿ ಇತ್ತು," ಎಂದರು.

ಆಕೆಯೇ ಸ್ಟೂಲು ಎಳೆದು ಕೂರಿಸಿದರು.

ಅಂಚೆಚೀಟಿಯಷ್ಟಗಲದ ಮೇಣದ ಬಿಲ್ಲೆ. ನಡುವೆ ಕಂದು ಬಣ್ಣದ ಒಂದು ಚುಕ್ಕೆ, ಪುಟ್ಟನ ಚೂರು. ಅಷ್ಟೇ. ಸ್ವಲ್ಪ ಹೊತ್ತು ಅಂಗೈಯಲ್ಲಿಟ್ಟುಕೊಳ್ಳಲೇ ಎಂದು ಕೇಳಿದೆ. ಆಕೆ ಇಲ್ಲ ಎನ್ನಲಿಲ್ಲ, ತಾವೇ ಎದ್ದು ಹೊರಗೆ ಹೋದರು. ಆಮೇಲೆ ಕಾಗದಗಳಿಗೆ ಸಹಿ ಹಾಕಿ, ಬಿಲ್ಲೆಯನ್ನು ನಿಮ್ಮ ಆಸ್ಪತ್ರೆಗೆ ಅವರ ಕೈಯಿಂದಲೇ ಕಳಿಸಿ ಬಂದೆ.

ವರದಿಯನ್ನು ಬಸ್ ನಿಲ್ದಾಣದಲ್ಲಿ ಓದಿದೆ. ಅರ್ಧ ಅರ್ಥವಾಗಲಿಲ್ಲ. ಅರ್ಥವಾದ ಎರಡು ಸಾಲು ಇವು. ಗುಳ್ಳೆಗಳ ನಡುವಿನ ಗೋಡೆಗಳು ದಪ್ಪವಾಗಿವೆ, ಸೋಂಕಿನ ಗುರುತಿಲ್ಲ. ಹೊರಗಿನಿಂದ ಬಂದ ಧೂಳಿನ ಕಣಗಳು ಎಲ್ಲೂ ಕಾಣುವುದಿಲ್ಲ.

ಎಲ್ಲೂ ಕಾಣುವುದಿಲ್ಲ ಎಂದು ಬರೆದಿದ್ದಾರೆ, ಮೊಳೆ. ನಿನ್ನ ಮಗುವಿಗೆ ಬೇಡದ ಔಷಧಿ ಕುಡಿಸುತ್ತಿದ್ದಾಗ ಈ ಕಾಗದ ನನ್ನ ಮನೆಯಿಂದ ನಾಲ್ಕು ನಿಲ್ದಾಣ ಆಚೆ ಬಿದ್ದಿತ್ತು. ಹೋಗಿ ತಂದಿದ್ದರೆ ನೀನು ಮೊದಲ ದಿನವೇ ಡಾಕ್ಟರ ಮುಂದೆ ಇಡುತ್ತಿದ್ದೆ. ಹೆದರಿಕೊಂಡು ಕೂತೆ. ಈ ತಪ್ಪು ನನ್ನದು, ಇದನ್ನು ಯಾರ ಮೇಲೂ ಹಾಕಲಾರೆ.

ಫೋನ್ ಮಾಡಬೇಡ. ಮಾತು ಬರುವುದಿಲ್ಲ. ಬರೆ.

ಅಕ್ಕ


ಜೂನ್ 9

ಅಕ್ಕಾ,

ಬಯಾಪ್ಸಿ ರದ್ದಾಯಿತು. ನಿನ್ನ ವರದಿ ನೋಡಿದ ದಿನವೇ ಡಾಕ್ಟರಮ್ಮ ಅದನ್ನು ಮುಂದೆ ಹಾಕಿದ್ದರು. ಬಿಲ್ಲೆಯ ಪರೀಕ್ಷೆಯ ಫಲ ಇವತ್ತು ಬಂತು. ಪುಟ್ಟನಲ್ಲೂ ಅದೇ ಬದಲಾವಣೆ. ಬಿಲ್ಲೆಯ ಜೊತೆ ಬಂದ, ಆ ಚೂರನ್ನು ಅಂಟಿಸಿದ್ದ ಹಳೆಯ ಗಾಜಿನ ಪಟ್ಟಿಗಳನ್ನು ಅವರೇ ಕೂತು ನೋಡಿದರಂತೆ, ಕಾಯಿಲೆಯೂ ಅದೇ. ಇನ್ನು ಅನುಮಾನವಿಲ್ಲ ಎಂದರು.

ಆ ವರದಿಯ ಬಲದ ಮೇಲೆಯೇ ಸ್ಟೀರಾಯ್ಡ್ ಶುರುವಾಗಿ ನಾಲ್ಕು ವಾರವಾಯಿತು, ಜೊತೆಗೆ ಇನ್ನೊಂದು ಔಷಧಿ. ಅದಕ್ಕಾಗಿ ಆಗಾಗ ಕಣ್ಣು ಪರೀಕ್ಷೆ ಮಾಡಿಸಬೇಕಂತೆ. ಕೆಲಸ ಮಾಡುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಕೆಲವು ಮಕ್ಕಳಿಗೆ ಹಿಡಿಯುತ್ತದೆ, ಕೆಲವಕ್ಕೆ ಇಲ್ಲ. ನಿನ್ನೆ ನಿದ್ದೆಯಲ್ಲಿ ಐವತ್ತೆಂಟು ಎಣಿಸಿದೆ. ನಂಬಿಕೆ ಬರದೆ ಇವರನ್ನು ಎಣಿಸಲು ಹೇಳಿದೆ. ಅವರು ಐವತ್ತೇಳು ಎಂದರು, ಅದಕ್ಕೂ ಜಗಳವಾಡಿದೆವು. ತೂಕ ಇನ್ನೂರು ಗ್ರಾಂ ಏರಿದೆ. ಆಕ್ಸಿಜನ್ ಯಂತ್ರದ ಜೊತೆ ಮುಂದಿನ ವಾರ ಮನೆಗೆ ಹೋಗಬಹುದು.

ಇನ್ನು ನನ್ನ ಮಾತು. ಅಕ್ಕಾ, ನಾನು ಹೇಳಿದ್ದು ತಪ್ಪು. ದುಃಖದಲ್ಲಿ ಬಾಯಿತಪ್ಪಿ ಬಂದಿದ್ದಲ್ಲ ಅದು. ಯಾರ ಮೇಲಾದರೂ ಹೊರಿಸಬೇಕಿತ್ತು, ನೀನು ಎದುರಿಗಿದ್ದೆ. ನಿನ್ನ ಮಗನಿಗೆ ನೀನು ಏನೂ ಮಾಡಿರಲಿಲ್ಲ. ನಿನ್ನ ಮನೆ ಮುರಿದಿದ್ದು ನಾನು. ವರದಿ ತರಲು ನೀನು ಹೆದರಿದ್ದು ಕೂಡ ನನ್ನಿಂದಲೇ, ಆ ತಪ್ಪನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಪಾದ ಹಿಡಿದು ಕೇಳುತ್ತೇನೆ ಎಂದು ಬರೆಯಬಹುದು, ಅದು ಸುಲಭ. ನೀನು ಕ್ಷಮಿಸದಿದ್ದರೂ ನನಗೆ ಅರ್ಥವಾಗುತ್ತದೆ.

ಇನ್ನೊಂದು ವಿಷಯ. ಪುಟ್ಟನಲ್ಲಿತ್ತು ಎಂದರೆ ನಿನ್ನಲ್ಲೂ ಇದೆ. ಅಪ್ಪನಿಂದ ನಮ್ಮಿಬ್ಬರಿಗೂ ಬಂದಿದೆ ಎಂದು ಡಾಕ್ಟರಮ್ಮನ ಲೆಕ್ಕ. ನನ್ನನ್ನು ಈಗಾಗಲೇ ಪರೀಕ್ಷೆ ಮಾಡಿದ್ದಾರೆ, ಸದ್ಯಕ್ಕೆ ಏನೂ ಇಲ್ಲ. ನಿನ್ನನ್ನು ಕರೆಸಿ ಎನ್ನುತ್ತಿದ್ದಾರೆ. ತುಂಬಬೇಕಾದ ಅರ್ಜಿ ಇದರ ಜೊತೆ ಇಟ್ಟಿದ್ದೇನೆ.

ನಿನ್ನ ಉಸಿರು ಹೇಗಿದೆ ಅಕ್ಕಾ? ನಿಜ ಬರೆ.

ಮೊಳೆ


ಜೂನ್ 17

ಮೊಳೆ,

ಐವತ್ತೆಂಟೇ ಸರಿ ಇರಬೇಕು. ಗಂಡಸರು ಎಣಿಸುವಾಗ ಮಧ್ಯೆ ಬೇರೇನೋ ಯೋಚಿಸುತ್ತಾರೆ.

ಕೇಳಿದ್ದಕ್ಕೆ ನಿಜವನ್ನೇ ಬರೆಯುತ್ತೇನೆ. ಒಂದು ವರ್ಷದಿಂದ ಒಣಕೆಮ್ಮು ಇದೆ. ಹಲಗೆ ಹೊತ್ತು ಅಟ್ಟಕ್ಕೆ ಹತ್ತಿದರೆ ನಿಂತು ಸುಧಾರಿಸಿಕೊಳ್ಳಬೇಕು. ಅಂಗಡಿಯ ಧೂಳು ಎಂದುಕೊಂಡಿದ್ದೆ. ನೋಡು, ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡೆ, ಅಪ್ಪನ ಹಾಗೆ ಆಗಿಲ್ಲ. ಭಯವಾಗಿದೆ. ಈ ಮನೆಯಲ್ಲಿ ಅದನ್ನು ಹೇಳಿಕೊಳ್ಳಲು ಯಾರೂ ಇಲ್ಲದ್ದರಿಂದ ನಿನಗೆ ಬರೆಯುತ್ತಿದ್ದೇನೆ.

ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಕಾಗದ ಓದಿ ಮೊದಲು ಬಂದಿದ್ದು ಸಿಟ್ಟು. ಒಂಬತ್ತು ವರ್ಷ ತಡವಾಗಿ ಬಂತಲ್ಲ ಎಂಬ ಸಿಟ್ಟು. ಆಮೇಲೆ ಅತ್ತುಬಿಟ್ಟೆ. ಪುಟ್ಟ ಹೋದ ದಿನದಿಂದ ಅತ್ತಿರಲಿಲ್ಲ, ಕೊಂದವಳು ಅಳಬಾರದು ಎಂದುಕೊಂಡಿದ್ದೆ. ಕೆಲಸದವರು ಗಾಬರಿಯಾಗಿ ಅಂಗಡಿ ಮುಚ್ಚಿ ಹೋದರು. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಅದು ಇರುವಾಗಲೇ ಬರುತ್ತೇನೆ, ಹೋಗಲೆಂದು ಕಾದು ಕೂತರೆ ಗುಂಡಮ್ಮ ಶಾಲೆಗೆ ಸೇರಿರುತ್ತಾಳೆ. ಗುರುವಾರ ಬೆಳಗಿನ ಬಸ್ಸು. ನಿಲ್ದಾಣಕ್ಕೆ ಬರಬೇಡ, ಮಗುವಿನ ಹತ್ತಿರ ಇರು.

ಅರ್ಜಿ ತುಂಬಿದೆ. ವಯಸ್ಸು, ಕೆಲಸ, ಎಷ್ಟು ವರ್ಷದಿಂದ, ಎಲ್ಲ ಸಲೀಸಾಗಿ ಬರೆದೆ. ಎರಡನೇ ಪುಟದಲ್ಲಿ, ನಿಮಗೆ ಮಕ್ಕಳೆಷ್ಟು ಎಂದಿತ್ತು. ಇಷ್ಟು ವರ್ಷ ಯಾರೇ ಕೇಳಿದರೂ ಇಲ್ಲ ಎನ್ನುತ್ತಿದ್ದೆ. ಪಡಿತರ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಹೊಸ ಗಿರಾಕಿಗಳ ಹತ್ತಿರ, ಎಲ್ಲ ಕಡೆ.

ಒಬ್ಬ ಮಗ, ಎಂದು ಬರೆದಿದ್ದೇನೆ.

ನಿನ್ನ ಅಕ್ಕ